ಅಕೌಂಟ್ಸ್‌ನವರ ತಿಂಗಳ ಕೊನೆ
7ಕ್ಕೆ ಟಿಡಿಎಸ್. 11ಕ್ಕೆ ಜಿಎಸ್‌ಟಿಆರ್-1. 15ಕ್ಕೆ ಪಿಎಫ್. 20ಕ್ಕೆ ಜಿಎಸ್‌ಟಿಆರ್-3ಬಿ. ಇದರ ನಡುವೆಯೇ ಹಿಂದಿನ ತಿಂಗಳ ಲೆಕ್ಕಾನೂ ಮುಗಿಸಬೇಕು. ಬೆಂಗಳೂರಿನ ಹಲವು ಕಂಪನಿಗಳ ಅಕೌಂಟ್ಸ್ ವಿಭಾಗದ ಕ್ಯಾಲೆಂಡರ್ ಇದು. ಮಾರ್ಚ್ ಬಂತೋ, ಯುಗಾದಿಗೆ ಊರಿಗೆ ಹೋಗೋದೂ ಕಷ್ಟ.

ಆದರೆ ಈ ತಾರೀಖುಗಳೆಲ್ಲ ಮೊದಲೇ ಗೊತ್ತಿರುವಂಥವು. ನಿಜವಾಗಿ ನಿದ್ದೆ ಕೆಡಿಸೋದು ಬೇರೆ ವಿಭಾಗಗಳಿಂದ ತಡವಾಗಿ ಬರುವ ಬಿಲ್ಲುಗಳು. ಸೇಲ್ಸ್‌ನವರ ಪ್ರಯಾಣದ ಖರ್ಚು, ಖರೀದಿಯವರ ಇನ್‌ವಾಯ್ಸ್ ಎಲ್ಲ 30ರ ಸಂಜೆ ಬಂದು ಬಿದ್ದರೆ, ಅಕೌಂಟೆಂಟ್ ಮನೆಗೆ ಹೋಗೋದು ಯಾವಾಗ? ಲೆಕ್ಕ ತಡವಾಗೋದು ಅಕೌಂಟೆಂಟ್‌ಗಳ ಸೋಮಾರಿತನ ಅಲ್ಲ, ಕಂಪನಿಯ ಅಶಿಸ್ತು.

ಮ್ಯಾನೇಜರ್‌ಗಳೇ, ಬಿಲ್ ಕೊಡೋಕೆ 25ನ್ನೇ ಕೊನೇ ದಿನ ಮಾಡಿ. ಆಮೇಲಿನ ಖರ್ಚಿಗೆ ಅಂದಾಜು ಪ್ರಾವಿಷನ್ ಹಾಕಿಸಿ. ಬ್ಯಾಂಕ್ ರಿಕನ್ಸಿಲಿಯೇಶನ್ ವಾರವಾರ ಮುಗಿಯಲಿ.

ತಡರಾತ್ರಿಯ ಕೆಲಸಕ್ಕೆ ಮಿತಿ ಹಾಕೋಕೆ ಕಾನೂನೂ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಮೀರಿದರೆ ದುಪ್ಪಟ್ಟು ದರದ ಓವರ್‌ಟೈಮ್. ಆಡಳಿತ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸಲ್ಲ. ಆದರೆ ದಿನವಿಡೀ ವೋಚರ್ ಎಂಟ್ರಿ ಮಾಡೋರಿಗೆ ಅನ್ವಯಿಸುತ್ತೆ. ಅಕೌಂಟ್ಸ್‌ನವರೇ, ಹಾಜರಿಯ ಲೆಕ್ಕ ಇಟ್ಕೊಳ್ಳಿ, ಎಚ್‌ಆರ್ ಹತ್ರ ಧೈರ್ಯವಾಗಿ ಕೇಳಿ.