‘ಸಾವಯವ’ ಎಂದಾಕ್ಷಣ ಬುಟ್ಟಿಗೆ ಹಾಕಬೇಡಿ!

ಹತ್ತಿರದ ಸೂಪರ್ ಮಾರ್ಕೆಟ್‌ನಲ್ಲಿ ಒಮ್ಮೆ ಕಣ್ಣಾಡಿಸಿ. ಅಕ್ಕಿ, ಬೇಳೆ, ಬೆಲ್ಲ, ಅರಿಶಿನದ ಸಾಲಿನಲ್ಲೆಲ್ಲ ಹಸಿರು ಎಲೆಯ ಚಿತ್ರ ಹೊತ್ತ ಪೊಟ್ಟಣಗಳು. ಪಕ್ಕದ ಸಾಲಿಗೆ ಹೋದರೆ ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರಾವಣ ಕೂಡ ‘ಆರ್ಗ್ಯಾನಿಕ್’! ಸಾವಯವ ಕೃಷಿಗೆಂದೇ 2004ರಲ್ಲಿ ನೀತಿ ತಂದ ರಾಜ್ಯ ನಮ್ಮದು. ಆಗೆಲ್ಲ ಸಾವಯವ ಅಕ್ಕಿ ಬೇಕೆಂದರೆ ಪರಿಚಯದ ರೈತರನ್ನೋ ಬೆರಳೆಣಿಕೆಯ ಅಂಗಡಿಗಳನ್ನೋ ಹುಡುಕಬೇಕಿತ್ತು. ಈಗ ಮೊಬೈಲ್ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ.

ಸಂತೋಷವೇ. ಆದರೆ ಬೆಲೆ? ತಿಂಗಳ ದಿನಸಿಯ ಲೆಕ್ಕ ಹಾಕುವವರು ನಾವು. ಹೆಚ್ಚು ಕೊಟ್ಟ ದುಡ್ಡಿಗೆ ನಿಜವಾದದ್ದೇ ಸಿಗುತ್ತಿದೆಯಾ? ಎಲ್ಲವನ್ನೂ ಸಾವಯವವೇ ತರಬೇಕಾ? ಇದನ್ನು ತಿಳಿದುಕೊಂಡೇ ಪರ್ಸ್ ತೆಗೆಯುವುದು ಜಾಣತನ.

ಗುರುತು ನೋಡಿ

‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’, ‘ಅಜ್ಜಿ ಕಾಲದ ರುಚಿ’... ಇವು ಯಾವುವೂ ಸಾವಯವ ಎಂಬುದಕ್ಕೆ ಪುರಾವೆಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2017ರಲ್ಲಿ ಸಾವಯವ ಆಹಾರಕ್ಕೆಂದೇ ನಿಯಮ ರೂಪಿಸಿ, ‘ಜೈವಿಕ್ ಭಾರತ್’ ಗುರುತು ತಂದಿತು. ಅದಕ್ಕೂ ಮೊದಲಿನಿಂದ ‘ಇಂಡಿಯಾ ಆರ್ಗ್ಯಾನಿಕ್’ ಗುರುತಿದೆ. ಇವೆರಡನ್ನೂ ಒಂದು ಮಾಡುವ ಕೆಲಸ ನಡೆದಿರುವುದರಿಂದ ಪೊಟ್ಟಣದ ಮೇಲೆ ಹಳೆಯದು, ಹೊಸದು ಎರಡೂ ಕಾಣಬಹುದು.

‘ಪಿಜಿಎಸ್’ ಎಂದಿದ್ದರೆ, ರೈತರೇ ಗುಂಪು ಕಟ್ಟಿಕೊಂಡು ಪರಸ್ಪರ ಹೊಲ ಪರಿಶೀಲಿಸಿ ದೃಢೀಕರಿಸಿದ್ದು ಎಂದರ್ಥ. ಇದರಲ್ಲೂ ಎರಡು ಬಗೆ. ‘ಪಿಜಿಎಸ್ ಗ್ರೀನ್’ ಎಂದರೆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ. ‘ಪಿಜಿಎಸ್ ಆರ್ಗ್ಯಾನಿಕ್’ ಎಂದರೆ ಪೂರ್ತಿ ಬದಲಾಗಿದೆ.

ಸಂತೆಯಲ್ಲಿ ತಾನು ಬೆಳೆದದ್ದನ್ನು ನೇರವಾಗಿ ಮಾರುವ ಸಣ್ಣ ರೈತರಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅವರ ಹತ್ತಿರ ಗುರುತು ಕೇಳಬೇಡಿ, ಮಾತಾಡಿಸಿ. “ಯಾವ ಊರಪ್ಪಾ? ಹುಳು ಬಿದ್ರೆ ಏನು ಹೊಡೀತೀರಿ?” ಎಂದು ಕೇಳಿ. ನಿಜವಾಗಿ ಮಾಡುವವರು ಜೀವಾಮೃತ, ಬೇವಿನ ಕಷಾಯ, ಹುಳಿ ಮಜ್ಜಿಗೆ ಎಂದು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಒಬ್ಬರೇ ವರ್ಷವಿಡೀ ಎಲ್ಲ ತರಕಾರಿಯನ್ನೂ ‘ನಮ್ಮ ತೋಟದ್ದು’ ಎಂದು ಮಾರುತ್ತಿದ್ದರೆ ಮಾತ್ರ ಸ್ವಲ್ಪ ಯೋಚಿಸಿ.

ಮೊದಲು ಯಾವುದಕ್ಕೆ ಖರ್ಚು?

ರಾಗಿ, ನವಣೆ, ಸಾಮೆಯಂಥ ಮಳೆಯಾಶ್ರಿತ ಧಾನ್ಯಗಳಿಗೆ ಕೀಟನಾಶಕ ಹೊಡೆಯುವುದೇ ಕಡಿಮೆ. ಬಜೆಟ್ ಬಿಗಿ ಇದ್ದರೆ ಇವನ್ನು ಮಾಮೂಲಿ ಅಂಗಡಿಯಿಂದಲೇ ತನ್ನಿ. ಹೂಕೋಸು, ಬದನೆ, ದ್ರಾಕ್ಷಿ, ಮೆಣಸಿನಕಾಯಿ, ಸೊಪ್ಪುಗಳ ಮಾತು ಬೇರೆ. ಇವಕ್ಕೆ ಔಷಧಿ ಹೆಚ್ಚು ಬೀಳುತ್ತದೆ. ಚೆನ್ನಾಗಿ ತೊಳೆದರೆ ಮೇಲಿನದು ಒಂದಿಷ್ಟು ಹೋಗುತ್ತದೆ, ಗಿಡ ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಬೆಲ್ಲದ ವಿಷಯದಲ್ಲೂ ಎಚ್ಚರ. ತಿಳಿ ಹಳದಿಯಾಗಿ ಹೊಳೆಯಲೆಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಕಾಯಿಸಿದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣದ್ದು. ಹಾಗೆಂದು ಕಪ್ಪಾದದ್ದೆಲ್ಲ ಸಾವಯವವಲ್ಲ, ಗುರುತೂ ಇರಲಿ.

ಹುಳು ಬಂತಾ? ಗಾಬರಿ ಬೇಡ

ಸಾವಯವ ದಾಸ್ತಾನಿಗೆ ಹುಳು ಕೊಲ್ಲುವ ರಾಸಾಯನಿಕ ಬಳಸುವಂತಿಲ್ಲ. ಹಾಗಾಗಿ ಅಕ್ಕಿ, ಬೇಳೆಗೆ ಹುಳು ಬೇಗ ಬೀಳಬಹುದು.

* ಮೂರು ತಿಂಗಳದ್ದು ಒಟ್ಟಿಗೆ ಬೇಡ, ತಿಂಗಳಿಗೆ ಬೇಕಾದಷ್ಟೇ ತನ್ನಿ.
* ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿ.
* ಅಕ್ಕಿಯನ್ನು ನೆರಳಲ್ಲಿ ಆರಲು ಹಾಕಿ, ಒಣಗಿದ ಬೇವಿನೆಲೆ ಅಥವಾ ಒಣಮೆಣಸಿನಕಾಯಿ ಹಾಕಿಡಿ.

ಸೋಪು, ದ್ರಾವಣಗಳ ಕಥೆ

ಇಲ್ಲಿ ಒಂದು ಮುಖ್ಯ ವಿಷಯ ನೆನಪಿಡಿ. ಎಫ್‌ಎಸ್‌ಎಸ್‌ಎಐ ನಿಯಮ ಇರುವುದು ಆಹಾರಕ್ಕೆ ಮಾತ್ರ. ನೆಲ ಒರೆಸುವ ದ್ರಾವಣದ ಮೇಲಿನ ‘ಆರ್ಗ್ಯಾನಿಕ್’ ಪದಕ್ಕೆ ಆ ಕಾವಲಿಲ್ಲ. ಆದ್ದರಿಂದ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಏನೇನು ಹಾಕಿದ್ದಾರೆಂದೇ ಬರೆಯದಿದ್ದರೆ ಅಲ್ಲೇ ಇಟ್ಟು ಬನ್ನಿ.

ಅದಕ್ಕಿಂತ ಸುಲಭದ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು. ರೇಷ್ಮೆ ಸೀರೆಗೆ ಅಂಟುವಾಳಕಾಯಿ ನೆನೆಸಿದ ನೀರು. ನೆಲಕ್ಕೆ ಹಣ್ಣಿನ ಸಿಪ್ಪೆಯ ಬಯೋಎಂಜೈಮ್:

* 100 ಗ್ರಾಂ ಬೆಲ್ಲ, 300 ಗ್ರಾಂ ನಿಂಬೆ, ಮೂಸಂಬಿ ಸಿಪ್ಪೆ, 1 ಲೀಟರ್ ನೀರು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮೇಲೆ ಸ್ವಲ್ಪ ಜಾಗ ಬಿಡಿ. ಗಾಜಿನದು ಬೇಡ, ಅನಿಲ ತುಂಬಿ ಒಡೆಯಬಹುದು.
* ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಅನಿಲ ಬಿಡಿ. ಮೂರು ತಿಂಗಳಿಗೆ ಸೋಸಿ, ನೀರು ಬೆರೆಸಿ ಬಳಸಿ.
* ಇದು ಹುಳಿ. ಮಾರ್ಬಲ್, ಕಡಪಾ ಕಲ್ಲಿನ ಹೊಳಪು ಕೆಡಿಸುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಯಾವತ್ತೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.
* ಮನೆಯಲ್ಲಿ ವಾಂತಿ-ಭೇದಿಯಂಥ ಸೋಂಕಿದ್ದಾಗ ಮಾತ್ರ ಇದನ್ನೇ ನಂಬಬೇಡಿ, ಮಾಮೂಲಿ ಸೋಂಕುನಿವಾರಕವನ್ನೇ ಬಳಸಿ.

ಒಂದೇ ದಿನ ಇಡೀ ಅಡುಗೆಮನೆಯನ್ನು ಸಾವಯವ ಮಾಡಬೇಕಿಲ್ಲ. ಮೊದಲು ದಿನಾ ಬಳಸುವ ಒಂದೆರಡು ಪದಾರ್ಥ ಬದಲಿಸಿ ನೋಡಿ. ರೈತರಿಗೂ ಅಷ್ಟೇ, ರಾಸಾಯನಿಕ ಬಿಟ್ಟ ಹೊಲದ ಬೆಳೆಗೆ ‘ಸಾವಯವ’ ಎನ್ನಿಸಿಕೊಳ್ಳಲು ಎರಡು-ಮೂರು ವರ್ಷ ಬೇಕು. ನಮ್ಮ ಅಡುಗೆಮನೆಗೂ ಅಷ್ಟು ಸಮಯ ಕೊಡೋಣ. ಏನಂತೀರಿ?