ಅರ್ಧ ಬೆರಳಿನ ಕಿಲೋವ್ಯಾಟ್

ಪ್ರಸಾರ ಕೇಂದ್ರದ ಆಳೆತ್ತರದ ವಾಲ್ವ್ ಯಂತ್ರಗಳನ್ನು ಮೂಲೆಗೆ ಸರಿಸಿದ ಟ್ರಾನ್ಸಿಸ್ಟರ್ ಗೆದ್ದದ್ದು ಬಲದಿಂದಲ್ಲ, ತಾಳಿಕೆಯಿಂದ

ಅದರ ಹೆಸರು ಎಂಆರ್‌ಎಫ್‌ಇ6ವಿಪಿ61ಕೆ25ಎಚ್. ಯಾರಾದರೂ ಇದನ್ನು ಬಾಯಿಪಾಠ ಮಾಡಲಿ ಎಂಬ ಆಸೆ ಹೆಸರಿಟ್ಟವರಿಗೆ ಇದ್ದಂತಿಲ್ಲ. ಕೆಳಗೊಂದು ಲೋಹದ ಪಟ್ಟಿ, ಮೇಲೆ ಪಿಂಗಾಣಿಯ ಮುಚ್ಚಳ, ಇಕ್ಕೆಲಗಳಲ್ಲಿ ಎರಡೆರಡು ಚಪ್ಪಟೆ ಕಾಲುಗಳು. ಉದ್ದ ನಾಲ್ಕು ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಅಗಲ ಒಂದು ಸೆಂಟಿಮೀಟರ್. ಇದಕ್ಕೆ 50 ವೋಲ್ಟ್ ವಿದ್ಯುತ್ ಕೊಟ್ಟು, ಒಂದು ಬದಿಯಿಂದ ಸುಮಾರು 5 ವ್ಯಾಟ್‌ನ ರೇಡಿಯೊ ಸಂಕೇತ ಒಳಬಿಟ್ಟರೆ ಇನ್ನೊಂದು ಬದಿಯಿಂದ 1250 ವ್ಯಾಟ್ ಹೊರಬರುತ್ತದೆ.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಾಗ ಅವರ ಕೈಯಲ್ಲಿದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಮುಂದೆ ದೇಶದ ಬಾನುಲಿಗೇ ಅಂಟಿಕೊಂಡ 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದು. ಅದರ ನಲವತ್ತು ಪಟ್ಟು ಮೀರಿದ ಶಕ್ತಿ ಇವತ್ತು ಅರ್ಧ ಬೆರಳಿನ ಉದ್ದದ ಒಂದು ಚೂರಿನಲ್ಲಿದೆ.

ಹಾಗೆಂದು ಬರೀ ವ್ಯಾಟ್ ಲೆಕ್ಕ ಹೇಳಿ ಬೆರಗಾಗುವುದು ಈ ವಸ್ತುವಿಗೆ ಮಾಡುವ ಅರ್ಧ ಮರ್ಯಾದೆ. ಶಕ್ತಿ ಬೇಕಿದ್ದರೆ ವಾಲ್ವ್‌ಗಳು, ಅಂದರೆ ನಿರ್ವಾತ ಕೊಳವೆಗಳು, ಮೊದಲೇ ಇದ್ದವು. ಒಂದೇ ದೊಡ್ಡ ವಾಲ್ವ್ ಹತ್ತಾರು, ನೂರಾರು ಕಿಲೋವ್ಯಾಟ್ ಕೊಡಬಲ್ಲದು. ಟ್ರಾನ್ಸಿಸ್ಟರ್ ತಂದ ಬದಲಾವಣೆ ಬೇರೆ ಕಡೆ ಇದೆ. ಕಳಿಸಿದ ಶಕ್ತಿ ತಿರುಗಿ ಬಂದು ಬಡಿದರೂ ಸಾಯದೆ ಉಳಿಯುವುದನ್ನು ಅದು ಕಲಿತಿತು. ಒಂದು ಸತ್ತರೂ ಕೇಂದ್ರ ಮೌನವಾಗದಂತೆ ಗುಂಪಿನಲ್ಲಿ ದುಡಿಯುವುದನ್ನೂ ಕಲಿತಿತು.

ಕೆಂಪಗೆ ಕಾದ ಫಿಲಮೆಂಟಿನ ಕಾಲ

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ಸೆಟ್ಟುಗಳ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳನ್ನೂ 1964ರಲ್ಲಿ ಆಕಾಶವಾಣಿಗಾಗಿ ಟ್ರಾನ್ಸ್‌ಮಿಟರ್‌ಗಳನ್ನೂ ತಯಾರಿಸತೊಡಗಿತು. ಒಂದೇ ಆವರಣದಲ್ಲಿ, ಒಂದೇ ವರ್ಷದ ಅಂತರದಲ್ಲಿ ವಾಲ್ವ್ ಮತ್ತು ಅರೆವಾಹಕ ಎರಡೂ ಶುರುವಾದವು. ಆದರೆ ಪ್ರಸಾರದ ಶಕ್ತಿ ಬಹುಕಾಲ ವಾಲ್ವ್‌ನ ಪಾಲಿಗೇ ಉಳಿಯಿತು. ಜೇಬಿನ ರೇಡಿಯೊ ಟ್ರಾನ್ಸಿಸ್ಟರ್ ಆಗಿ, ಆ ಪದವೇ ಊರೂರಿನಲ್ಲಿ ರೇಡಿಯೊಗೆ ಇನ್ನೊಂದು ಹೆಸರಾಗಿಬಿಟ್ಟಾಗಲೂ ಅದಕ್ಕೆ ಹಾಡು ಕಳಿಸುತ್ತಿದ್ದ ಯಂತ್ರದೊಳಗೆ ಫಿಲಮೆಂಟ್ ಕೆಂಪಗೆ ಕಾಯುತ್ತಲೇ ಇತ್ತು.

ಆ ಯಂತ್ರಗಳ ಮೇಲೆ ನನಗೆ ಗೌರವವಿದೆ, ಹಂಬಲವಿಲ್ಲ. ವಾಲ್ವ್‌ನ ಆನೋಡ್‌ಗೆ ಸಾವಿರಾರು ವೋಲ್ಟ್ ಬೇಕು. ಕ್ಯಾಬಿನೆಟ್ಟಿನ ಬಾಗಿಲು ತೆರೆದೊಡನೆ ವಿದ್ಯುತ್ ಕಡಿಯುವ ಸ್ವಿಚ್ ಇರುತ್ತಿತ್ತು. ಆದರೂ ಕೈ ಹಾಕುವ ಮುನ್ನ ಅರ್ತ್‌ಗೆ ಕಟ್ಟಿದ ಕೊಕ್ಕೆಯ ಕೋಲಿನಿಂದ ಕೆಪಾಸಿಟರ್‌ಗಳನ್ನು ಮುಟ್ಟಿಸಿ, ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕಿತ್ತು. ಕೋಲು ಮರೆತವನಿಗೆ ಎರಡನೆಯ ಅವಕಾಶ ಸಿಗುವ ಭರವಸೆ ಇರಲಿಲ್ಲ. ಬೆಳಗಿನ ಪ್ರಸಾರಕ್ಕೆ ಮುಂಚೆಯೇ ಬಂದು ಫಿಲಮೆಂಟ್ ಕಾಯಿಸಬೇಕು. ಸಾವಿರಾರು ಗಂಟೆ ಉರಿದ ಮೇಲೆ ಅದು ಸೊರಗುತ್ತದೆ, ಹೊಸ ವಾಲ್ವ್ ಹಾಕಬೇಕು, ಮತ್ತೆ ಟ್ಯೂನ್ ಮಾಡಬೇಕು. ಕೊನೆಯ ಹಂತದಲ್ಲಿರುವುದು ಒಂದೇ ವಾಲ್ವ್. ಅದು ಕೈಕೊಟ್ಟರೆ ಇಡೀ ಜಿಲ್ಲೆಯ ರೇಡಿಯೊದಲ್ಲಿ ಬರೀ ಗೊರಗೊರ.

ಮೊದಲು ಸೋತದ್ದು ಮೀಡಿಯಂ ವೇವ್‌ನ ವಾಲ್ವ್. ಅಲ್ಲಿನ ಕಂಪನಾಂಕ ಕಡಿಮೆಯಾದ್ದರಿಂದ ಟ್ರಾನ್ಸಿಸ್ಟರನ್ನು ಬರೀ ಸ್ವಿಚ್ಚಿನಂತೆ ಆನ್-ಆಫ್ ಮಾಡಿಯೇ ಕೆಲಸ ಸಾಗಿಸಬಹುದು. 1980ರ ದಶಕದಲ್ಲಿ ಕೆನಡಾದ ನಾಟೆಲ್, ಅಮೆರಿಕದ ಹ್ಯಾರಿಸ್ ಕಂಪನಿಗಳು ಈ ದಾರಿ ಹಿಡಿದವು. ಹ್ಯಾರಿಸ್‌ನ ಹಿಲ್ಮರ್ ಸ್ವಾನ್ಸನ್ ಹೂಡಿದ ಉಪಾಯ ಇವತ್ತಿಗೂ ಸೊಗಸೆನಿಸುತ್ತದೆ: ಚಿಕ್ಕ ಚಿಕ್ಕ ಆ್ಯಂಪ್ಲಿಫೈಯರ್‌ಗಳ ದೊಡ್ಡ ದಂಡನ್ನೇ ನಿಲ್ಲಿಸಿ, ಧ್ವನಿ ಏರಿದಾಗ ಹೆಚ್ಚು ಮಂದಿಯನ್ನು, ಇಳಿದಾಗ ಕಡಿಮೆ ಮಂದಿಯನ್ನು ಕೆಲಸಕ್ಕೆ ಹಚ್ಚುವುದು. ಹಾಡಿನ ಏರಿಳಿತವೇ ಹಾಜರಿ ಪಟ್ಟಿ!

ಬುಡ ಬದಲಾದ ಚಿಪ್

ಎಫ್‌ಎಂ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 88ರಿಂದ 108 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಕೋಟಿಯ ಆಸುಪಾಸಿನ ಕಂಪನ. ಅಷ್ಟು ವೇಗದಲ್ಲಿ ತಂತಿಯ ಒಂದೊಂದು ಮಿಲಿಮೀಟರ್ ಕೂಡ ಅಡ್ಡಿಯಾಗುತ್ತದೆ. ಒಂದು ಕಾಲಕ್ಕೆ ಇಲ್ಲಿ ಮೆರೆದದ್ದು ಮೊಟೊರೊಲಾದ ಎಂಆರ್‌ಎಫ್151ಜಿಯಂಥ 300 ವ್ಯಾಟ್‌ನ ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ಗಳು. ಇವುಗಳಲ್ಲಿ ವಿದ್ಯುತ್ ಮೇಲಿನಿಂದ ಕೆಳಕ್ಕೆ, ಚಿಪ್‌ನ ದಪ್ಪವನ್ನು ದಾಟಿ ಹರಿಯುತ್ತದೆ. ಹೊರಹರಿವಿನ ಡ್ರೇನ್ ತುದಿ ಚಿಪ್‌ನ ತಳದಲ್ಲಿರುತ್ತದೆ. ಆ ತಳವನ್ನು ನೇರವಾಗಿ ಹೀಟ್‌ಸಿಂಕಿಗೆ ತಾಗಿಸಿದರೆ ಶಾರ್ಟ್. ಹಾಗಾಗಿ ನಡುವೆ ವಿದ್ಯುತ್ತನ್ನು ತಡೆಯುವ, ಶಾಖವನ್ನು ಮಾತ್ರ ಬಿಡುವ ಒಂದು ಪದರ ಬೇಕು. ಎರಡನ್ನೂ ಚೆನ್ನಾಗಿ ಮಾಡುವ ವಸ್ತು ಬೆರಿಲಿಯಂ ಆಕ್ಸೈಡ್; ಅದರ ಪುಡಿ ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಸುಟ್ಟ ಹಳೆಯ ಟ್ರಾನ್ಸಿಸ್ಟರನ್ನು ಕುತೂಹಲಕ್ಕೆಂದು ಒಡೆದು ನೋಡಬಾರದು, ಉಜ್ಜಬಾರದು ಎಂದು ಹಿರಿಯ ತಂತ್ರಜ್ಞರು ಗದರುವುದು ಇದಕ್ಕೇ.

1990ರ ದಶಕದಲ್ಲಿ ಮೊಬೈಲ್ ಟವರ್‌ಗಳಿಗಾಗಿ ಬೆಳೆದ ಎಲ್‌ಡಿಮಾಸ್ ಎಂಬ ಬಗೆ ಈ ಕಟ್ಟಡವನ್ನೇ ತಿರುವಿ ಹಾಕಿತು. ಇದರಲ್ಲಿ ವಿದ್ಯುತ್ ಚಿಪ್‌ನ ಮೇಲ್ಮೈಯಲ್ಲಿ ಅಡ್ಡಲಾಗಿ ಹರಿಯುತ್ತದೆ. ಸೋರ್ಸ್ ಎಂಬ ಇನ್ನೊಂದು ತುದಿಯನ್ನು ಚಿಪ್‌ನೊಳಗಿಂದಲೇ ತಳಕ್ಕೆ ಇಳಿಸಲಾಗಿದೆ. ಸೋರ್ಸ್ ಹೇಗೂ ಅರ್ತ್‌ಗೆ ಸೇರಬೇಕಾದ್ದು. ಹಾಗಾಗಿ ಚಿಪ್‌ನ ತಳವನ್ನು ಲೋಹದ ಪಟ್ಟಿಗೆ ನೇರವಾಗಿ ಅಂಟಿಸಬಹುದು. ನಡುವಿನ ವಿಷದ ಪದರ ಬೇಕಿಲ್ಲ, ಶಾಖಕ್ಕೆ ಹತ್ತಿರದ ದಾರಿ, ಅರ್ತ್‌ಗೆ ತಂತಿಯ ಹಂಗಿಲ್ಲ. ತಂತಿ ಹೋದದ್ದರಿಂದ ವರ್ಧನೆಯೂ ಏರಿತು. ಒಂದೇ ತಿರುವಿನಿಂದ ಇಷ್ಟೆಲ್ಲ ಕೂಡಿಬಂದದ್ದು ಎಂಜಿನಿಯರಿಂಗ್‌ನಲ್ಲಿ ಅಪರೂಪ. ಸಾಮಾನ್ಯವಾಗಿ ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕಾಗುತ್ತದೆ.

ತಿರುಗಿ ಬರುವ ಶಕ್ತಿ

ಟ್ರಾನ್ಸ್‌ಮಿಟರ್ ಸಾಯುವುದು ಹೆಚ್ಚಾಗಿ ತನ್ನ ತಪ್ಪಿನಿಂದಲ್ಲ. ಟವರ್‌ನ ಮೇಲಿನ ಆಂಟೆನಾಗೆ ಸಿಡಿಲು ಬಡಿಯುತ್ತದೆ, ಫೀಡರ್ ಕೇಬಲ್ಲಿನ ಕನೆಕ್ಟರ್‌ಗೆ ಮಳೆನೀರು ಇಳಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದು ತುದಿಯನ್ನು ಕೊಡವಿದರೆ ಅಲೆ ಗೋಡೆಗೆ ತಾಗಿ ಕೈಗೇ ಮರಳುವಂತೆ, ಹೊರಹೋಗಬೇಕಾದ ಶಕ್ತಿ ಕೇಬಲ್ಲಿನಲ್ಲಿ ಹಿಂದಕ್ಕೆ ಬರುತ್ತದೆ. ಇದನ್ನು ಅಳೆಯುವ ಅನುಪಾತಕ್ಕೆ ವಿಎಸ್‌ಡಬ್ಲ್ಯುಆರ್ ಎನ್ನುತ್ತಾರೆ. ಅದು 1.5 ಇದ್ದರೆ ಶೇ. 4ರಷ್ಟು ಶಕ್ತಿ ಮರಳುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 3 ಆದರೆ ಶೇ. 25. ನಾವು ಮೊದಲು ಹೆಸರಿಸಿದ ಟ್ರಾನ್ಸಿಸ್ಟರ್‌ನ ದಾಖಲೆಯಲ್ಲಿ ನಮೂದಾಗಿರುವ ಸಂಖ್ಯೆ 65. ಅಂದರೆ ಕಳಿಸಿದ್ದರಲ್ಲಿ ಸುಮಾರು ಶೇ. 94 ತಿರುಗಿ ಮೈಮೇಲೆ ಬಂದರೂ, ಯಾವ ಕೋನದಲ್ಲಿ ಬಂದರೂ, ಅದು ಬದುಕಿರುತ್ತದೆ. ಆಂಟೆನಾ ಇಲ್ಲದೆಯೇ ಚಾಲೂ ಮಾಡಿದ್ದಕ್ಕೆ ಇದು ಹೆಚ್ಚುಕಡಿಮೆ ಸಮ.

ಹಳೆಯವು ಏಕೆ ಸಾಯುತ್ತಿದ್ದವು? ಮರಳಿ ಬಂದ ಅಲೆ ಹೋಗುವ ಅಲೆಯ ಜತೆ ಕೂಡಿ ಡ್ರೇನ್‌ನ ಮೇಲಿನ ವೋಲ್ಟೇಜ್ ಜಿಗಿಯುತ್ತದೆ. ಪ್ರತಿ ಮಾಸ್‌ಫೆಟ್‌ನೊಳಗೂ, ಯಾರೂ ಬೇಕೆಂದು ಮಾಡದ ಇನ್ನೊಂದು ಟ್ರಾನ್ಸಿಸ್ಟರ್ ಹುಟ್ಟಿನಿಂದಲೇ ಅಡಗಿರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಅದು ಎಚ್ಚೆತ್ತುಕೊಳ್ಳುತ್ತದೆ. ಎಚ್ಚೆತ್ತರೆ ಮುಗಿಯಿತು, ವಿದ್ಯುತ್ ಒಂದೇ ಬಿಂದುವಿಗೆ ನುಗ್ಗಿ ಸಿಲಿಕಾನ್ ಕರಗುತ್ತದೆ. ಈ ಒಳಶತ್ರುವನ್ನು ನಿದ್ದೆಯಲ್ಲೇ ಇಡುವಂತೆ ಚಿಪ್‌ನ ಪದರಗಳನ್ನು ಮತ್ತೆ ಮತ್ತೆ ತಿದ್ದಿದ್ದೇ ಈ ತಲೆಮಾರಿನ ನಿಜವಾದ ಸಾಧನೆ ಎಂದು ನನ್ನ ಎಣಿಕೆ. ಜಾಹೀರಾತುಗಳಲ್ಲಿ ವ್ಯಾಟ್ ದೊಡ್ಡ ಅಕ್ಷರದಲ್ಲೂ ತಾಳಿಕೆ ಸಣ್ಣ ಅಕ್ಷರದಲ್ಲೂ ಇರುತ್ತದೆ. ಟವರ್ ಕೆಳಗೆ ರಾತ್ರಿ ಪಾಳಿಯಲ್ಲಿರುವವರಿಗೆ ಬೇಕಾದ್ದು ಎರಡನೆಯದು.

ಇನ್ನೊಂದು ಶತ್ರು ಶಾಖ. ಶೇ. 80ರಷ್ಟು ದಕ್ಷತೆಯಲ್ಲಿ 1250 ವ್ಯಾಟ್ ಹೊರಬರುವಾಗ 300 ವ್ಯಾಟ್‌ಗೂ ಹೆಚ್ಚು ಶಾಖ ಆ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಉಳಿಯುತ್ತದೆ. ಪಟ್ಟಿಗಿಂತ ಚಿಪ್‌ನ ಒಡಲು ಸುಮಾರು 45 ಡಿಗ್ರಿ ಹೆಚ್ಚು ಬಿಸಿ. ಮಿತಿ 225 ಡಿಗ್ರಿ ಸೆಲ್ಸಿಯಸ್ ಎಂದು ತಯಾರಕರು ಬರೆದಿರುತ್ತಾರೆ, ಆದರೆ ಅಲ್ಲಿಯವರೆಗೆ ಓಡಿಸಿದರೆ ಆಯುಸ್ಸು ಸವೆಯುತ್ತದೆ. ಅದಕ್ಕೇ ಬಲವಾದ ಟ್ರಾನ್ಸಿಸ್ಟರನ್ನು ಸ್ಕ್ರೂ ಹಾಕಿ ಪೇಸ್ಟ್ ಬಳಿದು ಕೂರಿಸುವುದನ್ನು ಬಿಟ್ಟು ತಾಮ್ರದ ದಪ್ಪ ಹಲಗೆಗೆ ನೇರವಾಗಿ ಬೆಸೆಯುತ್ತಾರೆ. ಬೆಸುಗೆಯೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಅದರ ಮೇಲಿನ ಚಿಪ್‌ನ ಭಾಗ ಬೇಯುತ್ತದೆ. ಎಷ್ಟೇ ಬೆಲೆಯ ಚಿಪ್ ಆದರೂ ಅದರ ಗತಿ ಬೆಸುಗೆ ಹಾಕಿದವನ ಕೈಯಲ್ಲಿದೆ.

ಗುಂಪಿನ ಗಣಿತ

10 ಕಿಲೋವ್ಯಾಟ್‌ನ ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ 300 ವ್ಯಾಟ್‌ನ ಹಳೆಯ ಟ್ರಾನ್ಸಿಸ್ಟರ್‌ಗಳಾದರೆ ನಲವತ್ತರ ಹತ್ತಿರ ಬೇಕು. ಹೊಸವು ಎಂಟು ಹತ್ತು ಸಾಕು. ಇವುಗಳ ಶಕ್ತಿಯನ್ನು ಕಂಬೈನರ್ ಎಂಬ ಜೋಡಣೆ ಒಂದೇ ಕೇಬಲ್ಲಿಗೆ ಸೇರಿಸುತ್ತದೆ. ಎಂಟರಲ್ಲಿ ಒಂದು ಸತ್ತರೆ ಎಂಟರಲ್ಲಿ ಏಳು ಪಾಲು ಉಳಿಯುವುದಿಲ್ಲ; ಆ ಭಿನ್ನರಾಶಿಯ ವರ್ಗದಷ್ಟು, ಅಂದರೆ ಸುಮಾರು 7.7 ಕಿಲೋವ್ಯಾಟ್ ಉಳಿಯುತ್ತದೆ. ಮಿಕ್ಕದ್ದು ಕಂಬೈನರ್‌ನ ರೆಸಿಸ್ಟರ್‌ನಲ್ಲಿ ಶಾಖವಾಗಿ ಪೋಲು. ಲೆಕ್ಕಕ್ಕೆ ಇದು ದೊಡ್ಡ ನಷ್ಟ, ಕಿವಿಗೆ ಏನೂ ಅಲ್ಲ: ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚಿನ ಇಳಿತ. ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಎಂಜಿನಿಯರ್ ಬೆಳಿಗ್ಗೆ ಬಂದು, ಪ್ರಸಾರ ನಡೆಯುತ್ತಿರುವಾಗಲೇ ಕೆಟ್ಟ ಮಾಡ್ಯೂಲನ್ನು ಎಳೆದು ಹೊಸದನ್ನು ತಳ್ಳುವಂಥ ಯಂತ್ರಗಳೂ ಇವೆ.

ದಕ್ಷತೆಯ ಲಾಭ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ. 10 ಕಿಲೋವ್ಯಾಟ್ ಹೊರಬಿಡುವ ಯಂತ್ರದ ಒಟ್ಟು ದಕ್ಷತೆ ಶೇ. 60ರಿಂದ 72ಕ್ಕೆ ಏರಿತೆನ್ನಿ. ಹಗಲಿರುಳು ಓಡುವ ಕೇಂದ್ರಕ್ಕೆ ವರ್ಷಕ್ಕೆ 24 ಸಾವಿರ ಯೂನಿಟ್ ಮಿಕ್ಕಿತು. ಕೋಣೆಯನ್ನು ತಂಪಾಗಿಡುವ ಎಸಿ ಎಳೆಯುವ ಕರೆಂಟ್ ಇದರಲ್ಲಿ ಸೇರಿಲ್ಲ.

ಡಿಜಿಟಲ್ ಟಿವಿಯ ಕಷ್ಟ ಇದಕ್ಕಿಂತ ದೊಡ್ಡದು. ಎಫ್‌ಎಂ ಅಲೆಯ ಎತ್ತರ ಬದಲಾಗುವುದಿಲ್ಲ, ಟಿವಿ ಸಂಕೇತ ಮಾತ್ರ ಆಗಾಗ ಸರಾಸರಿಯ ಹಲವು ಪಟ್ಟು ಎತ್ತರಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಗೆ ಜಾಗ ಕಾದಿರಿಸಬೇಕಾದ್ದರಿಂದ, 600 ವ್ಯಾಟ್ ಗರಿಷ್ಠ ಶಕ್ತಿಯ ಬಿಎಲ್‌ಎಫ್888ಎ ಟ್ರಾನ್ಸಿಸ್ಟರ್ ಸರಾಸರಿ ಕೊಡುವುದು 110 ವ್ಯಾಟ್ ಮಾತ್ರ, ದಕ್ಷತೆ ಶೇ. 30ರ ಆಸುಪಾಸು. ಪರಿಹಾರ ಸಿಕ್ಕಿದ್ದು ಹಳೆಯ ಕಡತದಲ್ಲಿ. ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ 1936ರಲ್ಲಿ ವಾಲ್ವ್ ಟ್ರಾನ್ಸ್‌ಮಿಟರ್‌ಗಾಗಿ ಎರಡು ಆ್ಯಂಪ್ಲಿಫೈಯರ್‌ಗಳ ಜೋಡಿ ರೂಪಿಸಿದ್ದರು: ಒಂದು ಸದಾ ದುಡಿಯುತ್ತದೆ, ಇನ್ನೊಂದು ಶಿಖರ ಬಂದಾಗ ಮಾತ್ರ ಕೈಜೋಡಿಸುತ್ತದೆ. ಮೊದಲು ಮೊಬೈಲ್ ಟವರ್‌ಗಳು, ಆಮೇಲೆ ಟಿವಿ ಟ್ರಾನ್ಸ್‌ಮಿಟರ್‌ಗಳು ಅದನ್ನು ಟ್ರಾನ್ಸಿಸ್ಟರ್‌ಗೆ ಹೊಂದಿಸಿಕೊಂಡವು.

ಗುಂಪಿನ ಗಣಿತ ಎಲ್ಲಿಗೆ ಮುಟ್ಟಿದೆ ಎನ್ನುವುದಕ್ಕೆ ಪ್ರಸಾರದಾಚೆಯ ಒಂದು ಉದಾಹರಣೆ ಸಾಕು. ಜಿನೀವಾ ಬಳಿಯ ಸರ್ನ್ ಸಂಸ್ಥೆ ತನ್ನ ಎಸ್‌ಪಿಎಸ್ ಕಣವೇಗವರ್ಧಕಕ್ಕೆ 200 ಮೆಗಾಹರ್ಟ್ಸ್‌ನ ಶಕ್ತಿ ಒದಗಿಸಲು 32 ಗೋಪುರಗಳಲ್ಲಿ 10,240 ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿತು. ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದ ಇಂಡಸ್-2 ಕಣವೇಗವರ್ಧಕವೂ ಟ್ರಾನ್ಸಿಸ್ಟರ್ ಆ್ಯಂಪ್ಲಿಫೈಯರ್‌ಗಳತ್ತ ಹೊರಳಿದೆ. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾಮಣ್ಣ ನಮ್ಮ ತುಮಕೂರಿನವರು ಎಂಬುದನ್ನು ಇಲ್ಲಿ ಹೇಳದಿರಲು ಮನಸ್ಸಾಗಲಿಲ್ಲ.

ವಾಲ್ವ್ ಪೂರ್ತಿ ಸೋತಿಲ್ಲ. ದೊಡ್ಡಬಳ್ಳಾಪುರ ರಸ್ತೆಯ ಆಕಾಶವಾಣಿ ಕೇಂದ್ರದಂಥ ಕಡೆ ಬಳಸುವ 500 ಕಿಲೋವ್ಯಾಟ್ ಶಾರ್ಟ್‌ವೇವ್ ವರ್ಗದಲ್ಲಿ ಅದರದೇ ರಾಜ್ಯ. ಅಲ್ಲಿ ಹೊತ್ತಿಗೊಂದು ಕಂಪನಾಂಕಕ್ಕೆ ಜಿಗಿಯಬೇಕು, ಪ್ರತಿ ಜಿಗಿತದಲ್ಲೂ ಪೂರ್ಣ ಶಕ್ತಿ ಇರಬೇಕು.

ಬೆರಳೆಣಿಕೆಯ ತಯಾರಕರು

ಈ ಚಿಪ್‌ಗಳ ಮಾರುಕಟ್ಟೆಯಲ್ಲಿ ಬಹುಕಾಲ ಇಬ್ಬರು ದೊಡ್ಡ ಎದುರಾಳಿಗಳಿದ್ದರು: ಮೊಟೊರೊಲಾದಿಂದ ಬೇರ್ಪಟ್ಟ ಫ್ರೀಸ್ಕೇಲ್, ಫಿಲಿಪ್ಸ್‌ನಿಂದ ಬೇರ್ಪಟ್ಟ ಎನ್‌ಎಕ್ಸ್‌ಪಿ. 2015ರಲ್ಲಿ ಎನ್‌ಎಕ್ಸ್‌ಪಿ ಫ್ರೀಸ್ಕೇಲನ್ನು ಕೊಂಡಿತು. ಇಬ್ಬರೂ ಒಬ್ಬರೇ ಆದರೆ ಸ್ಪರ್ಧೆ ಉಳಿಯದೆಂಬ ಕಾರಣಕ್ಕೆ ಎನ್‌ಎಕ್ಸ್‌ಪಿ ತನ್ನ ಹಳೆಯ ಆರ್‌ಎಫ್ (ರೇಡಿಯೊ ಟ್ರಾನ್ಸಿಸ್ಟರ್) ವಿಭಾಗವನ್ನು ಚೀನಾದ ಹೂಡಿಕೆದಾರರಿಗೆ 180 ಕೋಟಿ ಡಾಲರಿಗೆ ಮಾರಬೇಕಾಯಿತು. ಅದೇ ಇಂದಿನ ಆ್ಯಂಪ್ಲಿಯಾನ್. ಅದರ 1400 ವ್ಯಾಟ್‌ನ ಬಿಎಲ್‌ಎಫ್188ಎಕ್ಸ್‌ಆರ್‌ಗೆ ಎದುರಾಗಿ ಎನ್‌ಎಕ್ಸ್‌ಪಿ 2017ರಲ್ಲಿ 65 ವೋಲ್ಟ್‌ನಲ್ಲಿ ಓಡುವ 1800 ವ್ಯಾಟ್‌ನ ಎಂಆರ್‌ಎಫ್‌ಎಕ್ಸ್1ಕೆ80ಎಚ್ ಇಳಿಸಿತು. ವೋಲ್ಟೇಜ್ ಏರಿಸಿದ್ದು ಬರೀ ಶಕ್ತಿಗಲ್ಲ. ಕಿಲೋವ್ಯಾಟ್ ಟ್ರಾನ್ಸಿಸ್ಟರ್‌ನ ಹೊರತುದಿಗೆ ಬೇಕಾದ ರೋಧ ಒಂದೆರಡು ಓಮ್, ಕೇಬಲ್ಲಿನದು 50 ಓಮ್. ವೋಲ್ಟೇಜ್ ಏರಿದಷ್ಟೂ ಈ ಅಂತರ ತಗ್ಗುತ್ತದೆ, ಹೊಂದಿಸುವ ಕೆಲಸ ಹಗುರವಾಗುತ್ತದೆ.

ಮುಂದಿನ ಸರದಿ ಗ್ಯಾಲಿಯಂ ನೈಟ್ರೈಡ್‌ನದು ಎಂದು ಹೇಳುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅದರ ಮೇಲೆ ಕೆಲಸ ನಡೆದಿದೆ. ರೇಡಾರ್, ಮೊಬೈಲ್ ಜಾಲಗಳ ಎತ್ತರದ ಕಂಪನಾಂಕಗಳಲ್ಲಿ ಅದು ಸಿಲಿಕಾನನ್ನು ಮೀರಿಸುತ್ತದೆ, ನಿಜ. 100 ಮೆಗಾಹರ್ಟ್ಸ್‌ನ ಎಫ್‌ಎಂಗೆ ಅದರ ವೇಗ ಅನಗತ್ಯ, ಬೆಲೆ ಭಾರ ಎಂಬುದು ನನ್ನ ಅಭಿಪ್ರಾಯ. 2023ರ ಏಪ್ರಿಲ್‌ನಲ್ಲಿ ಆಕಾಶವಾಣಿ ಒಂದೇ ದಿನ ಚಾಲನೆ ಕೊಟ್ಟ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳ ಶಕ್ತಿ ತಲಾ 100 ವ್ಯಾಟ್. ಅಷ್ಟಕ್ಕೆ ನಮ್ಮ ಅರ್ಧ ಬೆರಳೂ ಹೆಚ್ಚೇ. ಆದರೆ ಟ್ರಾನ್ಸ್‌ಮಿಟರ್ ಹದಿನೈದು ಇಪ್ಪತ್ತು ವರ್ಷ ಬಾಳುವ ಯಂತ್ರ, ಚಿಪ್ ತಯಾರಕರ ಪಟ್ಟಿ ಅದಕ್ಕಿಂತ ಬೇಗ ಬದಲಾಗುತ್ತದೆ. ಒಂದು ನಮೂನೆ ನಿಂತುಹೋದ ಮೇಲೆ ಅದೇ ಹೆಸರು ಕೊರೆದ ನಕಲಿಗಳು ಮಾರುಕಟ್ಟೆಗೆ ಬರುತ್ತವೆ. ಹೊರಗಿನಿಂದ ನೋಡಿ ಗುರುತಿಸುವುದು ಕಷ್ಟ, ಪೂರ್ಣ ಶಕ್ತಿಗೆ ಏರಿಸಿದ ಕ್ಷಣದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಅನುಭವಸ್ಥ ಕೇಂದ್ರಗಳು ಯಂತ್ರ ಕೊಳ್ಳುವ ದಿನವೇ ಬಿಡಿ ಮಾಡ್ಯೂಲ್‌ಗಳನ್ನೂ ಬರೆಸಿಕೊಳ್ಳುತ್ತವೆ.