ಎದೆಗೆ ಬಿದ್ದ ಪೆಟ್ಟು: ಹೊರಗೆ ಗಾಯವಿಲ್ಲವೆಂದು ಸುಮ್ಮನಿರಬೇಡಿ

2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದಲ್ಲಿ ತೇರು ಉರುಳಿಬಿದ್ದು ಹಲವರು ಗಾಯಗೊಂಡುದು ನಮ್ಮ ಸೀಮೆಯವರಿಗೆ ನೆನಪಿದೆ. ಇಂಥ ಅವಘಡಗಳಲ್ಲಿ ಜನರ ಕಣ್ಣು ಮೊದಲು ಹೋಗುವುದು ರಕ್ತ ಸುರಿಯುತ್ತಿರುವವರ ಕಡೆಗೆ, ಕೈಕಾಲು ಮುರಿದವರ ಕಡೆಗೆ. ಎದೆಗೆ ಗುದ್ದು ಬಿದ್ದರೂ ಚರ್ಮ ಹರಿಯದವನು ತನಗೇನೂ ಆಗಿಲ್ಲವೆಂದು ಎದ್ದು ಮನೆಗೆ ನಡೆದುಬಿಡಬಹುದು. ಆದರೆ ಆ ಪೆಟ್ಟು ಒಳಗೆ ಹೃದಯಕ್ಕೆ ತಗುಲಿರುವ ಸಂಭವವುಂಟು.

ಇದಕ್ಕೆ ತೇರೇ ಬೀಳಬೇಕೆಂದಿಲ್ಲ. ಹರಪನಹಳ್ಳಿ, ಹಡಗಲಿ ಕಡೆಯ ಅಡಿಕೆ ತೋಟದಲ್ಲಿ ಗೊನೆ ಇಳಿಸುವವನು ಮರದಿಂದ ಜಾರಿ ಬೀಳಬಹುದು. ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಕೊಂಬೆ ಎದೆಗೆ ಬಡಿಯಬಹುದು. ಟ್ರ್ಯಾಕ್ಟರ್ ಮಗುಚಿ ಸ್ಟೀರಿಂಗ್ ಎದೆಗೆ ಒತ್ತಬಹುದು, ಹೋರಿ ಗುಮ್ಮಬಹುದು, ಬೈಕಿನಿಂದ ಬೀಳಬಹುದು.

ಒಳಗೆ ಆಗುವುದೇನು?

ಹೃದಯವಿರುವುದು ಎದೆಮೂಳೆಯ ಹಿಂದೆ, ಬೆನ್ನುಮೂಳೆಯ ಮುಂದೆ. ಬಲವಾದ ಪೆಟ್ಟು ಬಿದ್ದಾಗ ಅದು ಇವೆರಡರ ನಡುವೆ ಅಪ್ಪಚ್ಚಿಯಾಗುತ್ತದೆ. ಎದೆಮೂಳೆಗೆ ತೀರ ಹತ್ತಿರವಿರುವುದು ಹೃದಯದ ಬಲಭಾಗದ ಕೆಳಕೋಣೆ. ಹೆಚ್ಚಾಗಿ ಜಜ್ಜಿಹೋಗುವುದೂ ಅದೇ. ಜಜ್ಜಿದ ಸ್ನಾಯು ಲಯ ತಪ್ಪಿ ಬಡಿಯತೊಡಗುತ್ತದೆ. ಪೆಟ್ಟು ಜೋರಾಗಿದ್ದರೆ ಕವಾಟ ಹರಿಯಬಹುದು. ಹೃದಯವನ್ನು ಸುತ್ತಿಕೊಂಡಿರುವ ಚೀಲದೊಳಗೆ ರಕ್ತ ತುಂಬಿದರೆ ಹೃದಯಕ್ಕೆ ಹಿಗ್ಗಲು ಎಡೆಯಿಲ್ಲದೆ ಪ್ರಾಣಕ್ಕೇ ಅಪಾಯ.

ಪಕ್ಕೆಲುಬು ಮುರಿದಿಲ್ಲವೆಂಬುದು ಧೈರ್ಯಕ್ಕೆ ಕಾರಣವಾಗದು. ಹುಡುಗರ ಎಲುಬು ಮೆತ್ತಗಿದ್ದು ಬಾಗುವುದರಿಂದ, ಮೂಳೆ ಮುರಿಯದೆಯೇ ಒಳಗೆ ಪೆಟ್ಟಾಗಬಲ್ಲದು. ಕ್ರಿಕೆಟ್ ಚೆಂಡಿನಂಥ ಗಟ್ಟಿ ವಸ್ತು ಹೃದಯದ ನೇರಕ್ಕೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ತಾಗಿದರೆ, ಹೃದಯಕ್ಕೆ ಯಾವ ಗಾಯವೂ ಇಲ್ಲದೆ ಬಡಿತ ನಿಂತುಹೋಗುವುದುಂಟು. ಇದು ಅಪರೂಪ, ಆದರೂ ತಂದೆತಾಯಿಗಳು ತಿಳಿದಿರಬೇಕಾದ ಸಂಗತಿ.

ಯಾವ ಪರೀಕ್ಷೆ ಅಗತ್ಯ?

ಎದೆಗೆ ಜೋರಾದ ಪೆಟ್ಟು ಬಿದ್ದವರು ಅಂದೇ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಬೇಕು. ಜೊತೆಗೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯುಂಟು. ಹೃದಯದ ಸ್ನಾಯು ನೊಂದಿದ್ದರೆ ಅದರಲ್ಲಿ ತಿಳಿಯುತ್ತದೆ. ಎರಡೂ ಸರಿಯಿದ್ದರೆ ಹೃದಯಕ್ಕೆ ದೊಡ್ಡ ಪೆಟ್ಟಾಗಿಲ್ಲವೆಂದು ವೈದ್ಯರು ಬಹುಮಟ್ಟಿಗೆ ನಿಶ್ಚಯಿಸಬಲ್ಲರು. ಇಸಿಜಿಯಲ್ಲಿ ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ 24 ಗಂಟೆ ಆಸ್ಪತ್ರೆಯಲ್ಲಿಟ್ಟು ಬಡಿತವನ್ನು ಗಮನಿಸುತ್ತಾರೆ. ಅಗತ್ಯ ಬಿದ್ದರೆ ಹೃದಯದ ಸ್ಕ್ಯಾನಿಂಗ್ ಆದ ಎಕೋ ಮಾಡುತ್ತಾರೆ. ಸುಗ್ಗಿಯ ಕೆಲಸ ನಿಂತೀತೆಂದು ನೋವಿನೆಣ್ಣೆ ತಿಕ್ಕಿ ಮಲಗುವುದಕ್ಕಿಂತ ಒಂದು ದಿನದ ಕೂಲಿ ಕಳೆದುಕೊಳ್ಳುವುದೇ ಲೇಸು.

ತಕ್ಷಣ ಮಾಡಬೇಕಾದುದು

1. ಉಸಿರು ಕಟ್ಟುವುದು, ತಲೆ ತಿರುಗುವುದು, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ಕತ್ತಿನ ನರ ಉಬ್ಬುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

2. ಎದೆಯನ್ನು ನೀವಬೇಡಿ, ಬಟ್ಟೆಯಿಂದ ಬಿಗಿದು ಕಟ್ಟಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಚಹಾ ಕೊಡಬೇಡಿ.

3. ಮರದಿಂದ ಬಿದ್ದವರ ಬೆನ್ನುಮೂಳೆಗೂ ಪೆಟ್ಟಾಗಿರಬಹುದು. ಎತ್ತಿ ಕೂರಿಸದೆ, ಅಲುಗಾಡಿಸದೆ ಆಂಬುಲೆನ್ಸ್‌ಗಾಗಿ ಕಾಯಿರಿ.

4. ಮೂರ್ಛೆ ಹೋಗಿ ಉಸಿರಾಟ ನಿಂತಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಕೈಗಳಿಂದ, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಿರಿ. ನೆರವು ಬರುವವರೆಗೆ ನಿಲ್ಲಿಸಬೇಡಿ.

ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಹಲವರಿಗಿದೆ. ಸದ್ಭಾವನೆಯಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಕೊನೆಯದಾಗಿ ಒಂದು ಮಾತು. ಕವಾಟದ ತೊಂದರೆ ಅಥವಾ ಹೃದಯದ ಸುತ್ತ ನೀರು ತುಂಬುವುದು ಪೆಟ್ಟು ಬಿದ್ದ ಕೆಲವು ದಿನಗಳ, ವಾರಗಳ ಮೇಲೂ ತಲೆದೋರಬಹುದು. ಏರಿ ಹತ್ತುವಾಗ ಹಿಂದಿಲ್ಲದ ಏದುಸಿರು ಬಂದರೆ, ಕಾಲು ಬಾತರೆ ಮತ್ತೆ ವೈದ್ಯರಲ್ಲಿಗೆ ಹೋಗಿ, ಹಿಂದೆ ಎದೆಗೆ ಪೆಟ್ಟು ಬಿದ್ದಿತ್ತೆಂಬುದನ್ನು ಬಾಯಿಬಿಟ್ಟು ಹೇಳಿ. ಹೊರಗೆ ಕಲೆಯಿಲ್ಲದ ಪೆಟ್ಟಿನ ಸುದ್ದಿ ನೀವು ಹೇಳಿದರೆ ತಾನೆ ಅವರಿಗೆ ತಿಳಿಯುವುದು?